ದೊಡ್ಡಪ್ಪನ ಪುಸ್ತಕ, ನೆಟ್ಟಿನ ನಕಲು

ನಮ್ಮ ದೊಡ್ಡಪ್ಪ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಸರಳು ಹಾಕಿದ ಒಂದು ಕಿಟಕಿ, ಅದರ ಹಿಂದೆ ಒಂದು ಮೇಜು, ಒಂದು ಮೈಕು, ಮೈಕಿನ ಹಿಂದೆ ದೊಡ್ಡಪ್ಪ. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕಿಟಕಿಯಲ್ಲಿ ಕೂತು ಬಂದವರಿಗೆಲ್ಲ ಬಸ್ಸು ಹೇಳಿದರು. ಆಂಧ್ರದ ಕಡೆಯಿಂದ ಬಂದವರಿಗೆ ತೆಲುಗಿನಲ್ಲಿ, ಬೆಂಗಳೂರಿನವರಿಗೆ ಕನ್ನಡದಲ್ಲಿ, ಉರ್ದುವಿನಲ್ಲಿ ಕೇಳಿದವರಿಗೆ ತಾವೇ ತಯಾರು ಮಾಡಿಕೊಂಡ ಒಂದು ಉರ್ದುವಿನಲ್ಲಿ. ಹೊರಗಿನವರು ಹೆಚ್ಚಾಗಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕುರುಡುಮಲೆಗೆ ಹೇಗೆ ಹೋಗುವುದು? ಏನಾದರೂ ಹೊಸದು ಶುರು ಮಾಡುವ ಮೊದಲು ಅಲ್ಲಿನ ದೊಡ್ಡ ಗಣಪತಿಗೆ ಕೈ ಮುಗಿದು ಬರಬೇಕೆನ್ನುವುದು ನಮ್ಮ ಕಡೆಯ ರೂಢಿಯಾದ್ದರಿಂದ, ಮದುವೆ ಗೊತ್ತಾದವರು, ಅಂಗಡಿ ಇಡುವವರು, ಪರೀಕ್ಷೆ ಬರೆಯುವವರು, ಎಲ್ಲರೂ ಆ ಕಿಟಕಿಯ ಮುಂದೆ ಹಾದುಹೋಗಬೇಕಿತ್ತು.

ಹೇಳಿ ಹೇಳಿ ಸಾಕಾಗಿಯೋ ಏನೋ, ಒಂದು ದಿನ ಅವರು ಬರೆಯಲು ಕೂತರು. ಸಾಕಾಗಿ ಎಂದು ನಾನು ಹೇಳುತ್ತಿದ್ದೇನೆ, ಅವರು ಒಪ್ಪುತ್ತಿರಲಿಲ್ಲ. "ಹೇಳೋದಕ್ಕೆ ಯಾಕೆ ಸಾಕಾಗತ್ತೆ? ಕೇಳಿಸ್ಕೊಳ್ಳೋರಿಗೆ ಬಸ್ಸಲ್ಲಿ ಹೋಗ್ತಾ ಓದ್ಕೊಳ್ಳೋದಕ್ಕೆ ಇರ್ಲಿ ಅಂತ ಬರೆದೆ," ಎನ್ನುತ್ತಿದ್ದರು. ಹಳೆಯ ಟ್ರಿಪ್ ಶೀಟುಗಳ ಹಿಂಬದಿಯಲ್ಲಿ, ಸಣ್ಣ ಗುಂಡಕ್ಷರದಲ್ಲಿ, ಗುಡಿಯ ಕಥೆ, ಕಂಬದ ಮೇಲೆ ಏನಿದೆ, ಯಾವ ಹೊತ್ತಿನ ಬೆಳಕಿನಲ್ಲಿ ಯಾವ ಕೆತ್ತನೆ ಚೆನ್ನಾಗಿ ಕಾಣುತ್ತದೆ, ಎಲ್ಲಿ ನೀರು ಸಿಗುತ್ತದೆ, ಕೊನೆಯಲ್ಲಿ ಹೋಗುವ ಬರುವ ಬಸ್ಸುಗಳ ವೇಳೆ. ಇಪ್ಪತ್ತನಾಲ್ಕು ಪುಟದ ಸಣ್ಣ ಪುಸ್ತಕ.

ಅದನ್ನು ಟೈಪು ಮಾಡಿದವಳು ನಾನು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಡಿಗ್ರಿ ಮುಗಿಸಿದ ಮೇಲೆ ಕೋಲಾರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಪ್ಪ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದರಿಂದ ನಾನು ಚಿಕ್ಕಂದಿನಿಂದ ಬೆಳೆದದ್ದೇ ದೊಡ್ಡಪ್ಪನ ಮನೆಯಲ್ಲಿ, ಮುಳಬಾಗಿಲಿನಲ್ಲಿ. ದಿನಾ ಬೆಳಗ್ಗೆ ಅವರೇ ಮೈಕಿನಲ್ಲಿ ಕೂಗಿದ ಬಸ್ಸು ಹತ್ತಿ ಕೋಲಾರಕ್ಕೆ ಹೋಗುತ್ತಿದ್ದೆ. ತಡ ಮಾಡಿದರೆ ಮೈಕಿನಲ್ಲೇ ಬೈಸಿಕೊಳ್ಳುತ್ತಿದ್ದೆ. "ಕೋಲಾರದ ಬಸ್ಸು ಹೊರಡ್ತಾ ಇದೆ, ತಲೆ ಬಾಚ್ಕೊಳ್ತಾ ಕೂತಿರೋರು ಬೇಗ ಬರ್ಬೇಕು," ಎಂದು ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ! ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕಿಟಕಿಯ ಮುಂದೆ ಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗಿ ಬಸ್ಸು ಹತ್ತುತ್ತಿದ್ದೆ.

ರಜೆ ಹಾಕಿ ಬಂದು ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಅವರು ಆ ಪುಸ್ತಕ ಮಾಡಿಸಿದರು. ಒಂದೊಂದು ಭಾಗ ಮುಗಿದಾಗಲೂ ಕೆಳಗೆ ಮೂರು ಪುಟ್ಟ ಹೂವು ಹಾಕಿದೆ. "ಇದೇನೇ ಮದುವೆ ಕಾರ್ಡಾ?" ಎಂದು ನಕ್ಕರು, ಆದರೆ ತೆಗೆಸಲಿಲ್ಲ. ಅಂಗಡಿ ನಡೆಸುತ್ತಿದ್ದವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಒಳಪುಟದ ಕೆಲಸ ನನ್ನದು. ಮುಖಪುಟ ಮಾತ್ರ ಅಣ್ಣನೇ ತನ್ನ ಕಂಪ್ಯೂಟರಿನಲ್ಲಿ ಬಣ್ಣ ಹಾಕಿ ಮಾಡುತ್ತಿದ್ದ. ಎಲ್ಲ ಅಂಗಡಿಯಲ್ಲೂ ಹಾಗೇ. ಕವರು ಬೇರೆ ಫೈಲು, ಒಳಗಿನದು ಬೇರೆ ಫೈಲು, ಫ್ಲಾಪಿಯೂ ಬೇರೆ. ದೊಡ್ಡಪ್ಪನ ಹೆಸರು ಮುಖಪುಟದಲ್ಲಿ ಬಂತು. ಒಳಗೂ ಹಾಕುತ್ತೇನೆ ಎಂದರೆ, "ಒಂದು ಸಲ ಇದೆಯಲ್ಲಮ್ಮ, ಸಾಕು. ಆ ಜಾಗದಲ್ಲಿ ಇನ್ನೊಂದು ಬಸ್ಸು ಹಾಕು," ಎಂದುಬಿಟ್ಟರು.

ಐನೂರು ಪ್ರತಿ ಅಚ್ಚಾಯಿತು. ಹಂಚಿದ ರೀತಿಯನ್ನು ಹೇಳಲೇಬೇಕು. ಊರಿನವರಿಗೆ ಒಂದನ್ನೂ ಕೊಡಲಿಲ್ಲ. "ಅವರಿಗೆ ದಾರಿ ಗೊತ್ತಲ್ಲ!" ಕಿಟಕಿಗೆ ಬಂದ ಹೊರಗಿನ ಊರಿನವರಿಗೆ ಮಾತ್ರ. ಅದೂ ಸುಮ್ಮನೆ ಕೊಡುತ್ತಿರಲಿಲ್ಲ. ಬಸ್ಸುಗಳ ವೇಳೆ ಆಗಾಗ ಬದಲಾಗುತ್ತದಲ್ಲ, ಪ್ರತಿ ಸಲ ಕೊಡುವ ಮೊದಲು ಕೊನೆಯ ಪುಟ ತೆಗೆದು, ಕೆಂಪು ಪೆನ್ನಿನಲ್ಲಿ ಹಳೆಯ ವೇಳೆ ಹೊಡೆದು ಹೊಸದನ್ನು ಬರೆದು, ಆಮೇಲೆ ಸರಳಿನ ಸಂದಿಯಿಂದ ತೂರಿಸುತ್ತಿದ್ದರು. ಸಾಲು ನಿಂತವರು ಬೇಗ ಕೊಡಿ ಸ್ವಾಮಿ ಎಂದು ಗೊಣಗಿದರೆ, "ತಪ್ಪು ಟೈಮು ಕೊಟ್ಟು ನಿಮ್ಮನ್ನ ಬಿಸಿಲಲ್ಲಿ ನಿಲ್ಲಿಸ್ಲಾ?" ಎಂದು ಕೇಳುತ್ತಿದ್ದರು. ಎರಡು ವರ್ಷಕ್ಕೆ ಪುಸ್ತಕ ಪೂರ್ತಿ ಖಾಲಿಯಾಯಿತು. ಮನೆಯಲ್ಲಿದ್ದ ಕೊನೆಯ ಪ್ರತಿಯನ್ನೂ ಚಿತ್ತೂರಿನ ಕಡೆಯ ಒಬ್ಬರಿಗೆ ಕೊಟ್ಟು ಬಂದರು.

ಆಮೇಲೆ ನಾನು ಮದುವೆಯಾಗಿ ಮಾಲೂರಿಗೆ ಹೋದೆ. ಅಲ್ಲಿ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ, ಒಂದು ಮಗು, ಕಿಟಕಿ ತೆರೆದರೆ ಇಟ್ಟಿಗೆ ಗೂಡಿನ ಹೊಗೆ. ದೊಡ್ಡಪ್ಪ ನಿವೃತ್ತರಾದರು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಮುಳಬಾಗಿಲಿನಲ್ಲಿ ಓದುವ ಬರೆಯುವ ಕೆಲವರು ಸೇರಿ ಒಂದು ಪುಸ್ತಕ ಸಮಿತಿ ಮಾಡಿಕೊಂಡಿದ್ದರು. ಸುತ್ತಲಿನ ಊರುಗಳ ಬಗ್ಗೆ ಸಣ್ಣ ಪುಸ್ತಕಗಳನ್ನು ತರುವುದು ಅವರ ಯೋಜನೆ. ದೊಡ್ಡಪ್ಪನ ಪುಸ್ತಕವನ್ನು ಮತ್ತೆ ಅಚ್ಚು ಮಾಡುತ್ತೇವೆಂದು ಅವರೇ ಬಂದು ಕೇಳಿದರು. ಹಿಂದೆ ಅಂಥದೊಂದು ಬಂದಿತ್ತೆಂದು ಕೇಳಿ ಗೊತ್ತಿತ್ತೇ ಹೊರತು, ಅವರಲ್ಲಿ ಯಾರೂ ಅದನ್ನು ಕಣ್ಣಾರೆ ನೋಡಿರಲಿಲ್ಲ. ದೊಡ್ಡಪ್ಪನಿಗೆ ಎಷ್ಟು ಖುಷಿಯೆಂದರೆ ಮಾಲೂರಿಗೆ ಫೋನು ಮಾಡಿ, "ಹೂವು ಇರ್ಲಿ ಅಂತ ಹೇಳಿದೀನಿ ಕಣೇ," ಎಂದರು. ಮನೆಯಲ್ಲಿ ಪುಸ್ತಕದ ಪ್ರತಿ ಉಳಿದಿರಲಿಲ್ಲ. ನಾನು ಆಗ ತಿದ್ದಲು ಕೊಟ್ಟಿದ್ದ ಒಳಪುಟದ ಪ್ರೂಫ್ ಹಾಳೆಗಳು ಪೆಟ್ಟಿಗೆಯಲ್ಲಿದ್ದವು, ಅವನ್ನೇ ಸಮಿತಿಗೆ ಕೊಟ್ಟರು. ಈಗಿನ ಬಸ್ಸುಗಳ ವೇಳೆಯನ್ನು ಬೇರೆ ಹಾಳೆಯಲ್ಲಿ ಬರೆದು ಪಿನ್ನು ಹೊಡೆದರು.

ಹದಿನೈದು ದಿನ ಕಳೆದಿರಬೇಕು, ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮ ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವವರು. ಅವತ್ತು ಪಿಸುಗುಟ್ಟಿದರು. "ಬಂದು ಹೋಗೇ. ನಿಮ್ಮ ದೊಡ್ಡಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಬಸ್ ಸ್ಟಾಂಡ್ ಕಡೆಗೂ ಹೋಗಿಲ್ಲ."

"ಯಾಕೆ, ಏನಾಯ್ತು?"

"ಪುಸ್ತಕಾನ ನೆಟ್ಟಿಂದ ಕಾಪಿ ಹೊಡೆದಿದಾರೆ ಅಂತಾರೆ ಕಣೇ. ಸಮಿತಿ ಮೇಷ್ಟ್ರು ಬಂದು ಹೇಳಿ ಹೋದ್ರು. ಈ ಮನುಷ್ಯನಿಗೆ ನೆಟ್ಟು ಅಂದ್ರೆ ಸೊಳ್ಳೆಪರದೆ, ಇನ್ನೊಂದು ಗೊತ್ತಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಕಚೇರಿಗೆ ರಜೆ ಹೇಳಿ, ಮಾಲೂರಿನಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು, ದಾರಿಯುದ್ದಕ್ಕೂ ಆ ಮೇಷ್ಟ್ರಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಇಳಿದವಳು ಮನೆಗೂ ಹೋಗಲಿಲ್ಲ. ನೇರವಾಗಿ ಮೇಷ್ಟ್ರ ಮನೆಗೆ ಹೋದೆ. ಅವರು ಕಾಲೇಜಿನಲ್ಲಿ ಪಾಠ ಹೇಳುವವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೂತುಕೊಳ್ಳಿ ಎಂದರು. ಕೂರಲಿಲ್ಲ.

"ನಮ್ಮ ದೊಡ್ಡಪ್ಪ ಕಳ್ಳರಾ ಸರ್? ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲ ಅವರಿಗೆ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಅಂಥೋರ ಮನೆ ಬಾಗಿಲಿಗೆ ಹೋಗಿ ಈ ಮಾತು ಹೇಳೋಕೆ ನಿಮಗೆ ಬಾಯಿ ಹೇಗೆ ಬಂತು?"

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಮನುಷ್ಯ ತಾಳ್ಮೆಯಿಂದ ಕೇಳಿಸಿಕೊಂಡರು, ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಆಮೇಲೆ ಎರಡು ಕಟ್ಟು ಕಾಗದ ತಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ನಮ್ಮ ಕಾಲೇಜಲ್ಲಿ ಮಕ್ಕಳು ನೆಟ್ಟಲ್ಲಿರೋದನ್ನ ಹಾಗೇ ಇಳಿಸಿ ತಂದು ಕೊಡ್ತಾರೆ ಮೇಡಂ. ಅದಕ್ಕೆ ಸಮಿತಿಗೆ ಬಂದದ್ದನ್ನೆಲ್ಲ ಒಂದು ಸಲ ನೋಡಿಬಿಡೋಣ ಅಂತ ಅಭ್ಯಾಸ ಮಾಡ್ಕೊಂಡಿದೀನಿ. ಕನ್ನಡದಲ್ಲಿ ಹುಡುಕಿದ್ರೆ ಏನೂ ಸಿಗಲ್ಲ. ಊರಿನ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಿದೆ. ಇದು ಸಿಕ್ತು. ಕೋಲಾರಕ್ಕೆ ಹೋಗಿ ಪ್ರಿಂಟ್ ತೆಗೆಸ್ಕೊಂಡು ಬಂದೆ."

ಎಡಗಡೆ ದೊಡ್ಡಪ್ಪ ಕೊಟ್ಟ ಪ್ರೂಫು. ಬಲಗಡೆ ಯಾವುದೋ ಪ್ರವಾಸದ ವೆಬ್‌ಸೈಟಿನ ಪುಟಗಳು. ಮೇಷ್ಟ್ರು ಸ್ಕೇಲಿಟ್ಟು ಸಾಲು ಸಾಲೂ ನೋಡಿದ್ದರು. ಒಂದೇ ಥರ ಇದ್ದ ಕಡೆ ಎರಡೂ ಹಾಳೆಯಲ್ಲಿ ಪೆನ್ಸಿಲಿನಿಂದ ಗೀಟು. ಗೀಟಿಲ್ಲದ ಸಾಲೇ ಇರಲಿಲ್ಲ. ವೆಬ್‌ಸೈಟಿನ ಪುಟದ ಕೆಳಗೆ ಅದು ಶುರುವಾದ ವರ್ಷವಿತ್ತು, ಆರು ವರ್ಷದ ಹಿಂದಿನದು. ಪ್ರೂಫಿನಲ್ಲಿ ವರ್ಷವೂ ಇಲ್ಲ, ಹೆಸರೂ ಇಲ್ಲ. ಕಂಪ್ಯೂಟರಿನಿಂದ ತೆಗೆದ ಬಿಳಿ ಹಾಳೆ, ಅಷ್ಟೇ. ಯಾರು ನೋಡಿದರೂ ಇದನ್ನು ನೆಟ್ಟಿನಿಂದ ತೆಗೆದದ್ದು ಎನ್ನಬೇಕು.

"ಬಸ್ಸಿನ ಹಾಳೆ ಒಂದು ಮಾತ್ರ ಅವರದ್ದು ಅನ್ಸತ್ತೆ," ಎಂದರು ಮೇಷ್ಟ್ರು, ತುಂಬ ಮೆತ್ತಗೆ.

ನಾನು ಎರಡು ಕಟ್ಟನ್ನೂ ಹತ್ತಿರ ಎಳೆದುಕೊಂಡು ನೋಡಿದೆ. ವೆಬ್‌ಸೈಟಿನ ಪುಟದಲ್ಲಿ, ಮೊದಲ ಭಾಗ ಮುಗಿದ ಕಡೆ, ಮೂರು ಪುಟ್ಟ ಹೂವಿದ್ದವು. ಎರಡನೆಯ ಭಾಗದ ಕೆಳಗೆ ಮತ್ತೆ ಮೂರು. ಪುಸ್ತಕ ನೋಡಿ ಯಾರೋ ಮತ್ತೆ ಟೈಪು ಮಾಡಿದ್ದರೆ ಹೂವನ್ನೂ ಹಾಕುತ್ತಿರಲಿಲ್ಲ. ಇದು ನನ್ನ ಫೈಲು. ನಾನು ಕೊಟ್ಟ ಫ್ಲಾಪಿ.

ಆಗ ನೆನಪಾಯಿತು. ಮದುವೆಗೆ ಕೆಲವು ತಿಂಗಳ ಮುಂಚೆ ಬೆಂಗಳೂರಿನಿಂದ ಒಬ್ಬರು ಅಂಗಡಿಗೆ ಬಂದಿದ್ದರು. ಇಂಟರ್‌ನೆಟ್ಟಿನಲ್ಲಿ ಊರುಗಳ ಬಗ್ಗೆ ಹಾಕುತ್ತಿದ್ದೇವೆ, ಕೋಲಾರದ ಕಡೆಯ ಗುಡಿಗಳ ಬಗ್ಗೆ ಕನ್ನಡದಲ್ಲಿ ಏನಾದರೂ ಟೈಪಾಗಿರುವುದು ಇದೆಯಾ ಎಂದು ಕೇಳಿದ್ದರು. ಅಣ್ಣ ಊಟಕ್ಕೆ ಹೋಗಿದ್ದ. ನನಗೆ ಕುಣಿಯುವಷ್ಟು ಸಂತೋಷ. ನಮ್ಮ ದೊಡ್ಡಪ್ಪನದು ಪ್ರಪಂಚಕ್ಕೆಲ್ಲ ಕಾಣುತ್ತದೆ! ನನ್ನ ಡ್ರಾದಲ್ಲಿದ್ದ ಒಳಪುಟದ ಫ್ಲಾಪಿ ತೆಗೆದು ಕೊಟ್ಟೇಬಿಟ್ಟೆ. ಬರೆದವರು ಇಂಥವರು ಎಂದು ಬಾಯಲ್ಲಿ ಹೇಳಿದೆ, ಅವರು ಹೂಂ ಹೂಂ ಎಂದರು. ಹೆಸರಿದ್ದ ಮುಖಪುಟ ಅಣ್ಣನ ಫ್ಲಾಪಿಯಲ್ಲಿ ಉಳಿಯಿತು ಎನ್ನುವುದು ತಲೆಗೇ ಹೊಳೆಯಲಿಲ್ಲ. ನೆಟ್ಟಿನಲ್ಲಿ ಬಂದ ಮೇಲೆ ಒಂದೇ ಸಲ ತೋರಿಸಿ ದೊಡ್ಡಪ್ಪನನ್ನು ಬೆರಗು ಮಾಡಬೇಕೆಂದು ಹೇಳದೆ ಇಟ್ಟುಕೊಂಡೆ. ಆಮೇಲೆ ಮದುವೆಯ ಗಡಿಬಿಡಿ, ಮಾಲೂರು, ಬಸಿರು, ಬಾಣಂತನ. ಮರೆತೇಹೋಯಿತು.

ಮೇಷ್ಟ್ರ ಮುಂದೆ ಇದನ್ನು ಹೇಳಿದೆನೇ? ಇಲ್ಲ. ಐದು ನಿಮಿಷದ ಹಿಂದೆ ಅಷ್ಟು ಕೂಗಾಡಿದವಳು ಇದೊಂದನ್ನು ಬಚ್ಚಿಟ್ಟುಕೊಂಡೆ. "ಹಳೇ ಪುಸ್ತಕ ತಂದು ತೋರಿಸಿದ್ರೆ ಸಾಕಲ್ಲ?" ಎಂದೆ.

"ಧಾರಾಳವಾಗಿ. ನಂಗೂ ಅದೇ ಬೇಕು ಮೇಡಂ. ಭಾನುವಾರ ಸಮಿತಿ ಸೇರತ್ತೆ. ಅಷ್ಟರೊಳಗೆ ಒಂದು ಪ್ರತಿ ಸಿಕ್ಕಿಬಿಟ್ರೆ ನಾನೇ ಅವರ ಕಾಲಿಗೆ ಬೀಳ್ತೀನಿ."

ಅವತ್ತು ಗುರುವಾರ. ಮನೆಗೆ ಹೋದರೆ ದೊಡ್ಡಪ್ಪ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ನಗಲು ಪ್ರಯತ್ನಪಟ್ಟರು. "ಮೇಷ್ಟ್ರು ತೋರಿಸಿದ್ರು ಕಣೇ. ನನ್ನ ಮಾತೇ, ಒಂದಕ್ಷರ ಬಿಡದ ಹಾಗೆ. ನಾನೇ ಎಲ್ಲಾದ್ರೂ ಓದಿ ಬರೆದ್ನೇನೋ ಅಂತ ಎರಡು ದಿನದಿಂದ ಯೋಚನೆ ಮಾಡ್ತಾ ಇದೀನಿ. ವಯಸ್ಸಾಯ್ತು ನೋಡು, ನಂಬಿಕೆ ಬರಲ್ಲ," ಎಂದರು. ತಮ್ಮ ಮೇಲೇ ತಮಗೆ ಅನುಮಾನ ಬರುವ ಹಾಗೆ ಮಾಡಿದ್ದೆನಲ್ಲ! ಆ ಕ್ಷಣದಲ್ಲೇ ಹೇಳಿಬಿಡಬೇಕಿತ್ತು. ಮೊದಲು ಪುಸ್ತಕ ಸಿಗಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ಎಷ್ಟೊಂದು ನೆಪ.

ಕೈಬರಹ ಏನಾಯಿತು ಎಂದು ದೊಡ್ಡಮ್ಮನನ್ನು ಕೇಳಿದೆ. "ಆ ಟ್ರಿಪ್ ಶೀಟುಗಳಾ? ಹಂಡೆ ಒಲೆಗೆ ಹಾಕಿದೆ ಕಣೇ," ಎಂದು ದೊಡ್ಡಮ್ಮ ಕಣ್ಣಲ್ಲಿ ನೀರು ತಂದುಕೊಂಡರು. "ನಿಮ್ಮ ದೊಡ್ಡಪ್ಪನ ಸಾಹಿತ್ಯದಲ್ಲಿ ಒಂದು ವಾರ ಸ್ನಾನ ಮಾಡಿದೀವಿ ನಾವು." ಅಷ್ಟು ದುಃಖದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರೂ ನಕ್ಕರು, ಹಜಾರದಿಂದ ದೊಡ್ಡಪ್ಪ, "ಏನದು?" ಎಂದು ಕೇಳಿದರು.

ಶುಕ್ರವಾರ ಕೋಲಾರಕ್ಕೆ ಹೋದೆ. ಅಣ್ಣನ ಅಂಗಡಿ ಇದ್ದ ಜಾಗದಲ್ಲೇ ಇತ್ತು, ಆದರೆ ಡಿ.ಟಿ.ಪಿ. ಬಿಟ್ಟು ಮೊಬೈಲು ಮಾರುತ್ತಿದ್ದ. ಫ್ಲಾಪಿಗಳೆಲ್ಲ ಬೂಸಲು ಹಿಡಿದವೆಂದು ಎಸೆದಿದ್ದನಂತೆ. ಕವರು ಮಾಡಿದ್ದ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದ. ಪ್ರೆಸ್ಸಿನವರೂ ಹಳೆಯ ಕಾಗದವೆಲ್ಲ ತೂಕಕ್ಕೆ ಹಾಕಿದ್ದರು. "ಯಾವ ಊರಿನ ಯಾತ್ರಿಕರ ಮನೇಲಿ ಹುಡುಕ್ತೀಯ ತಾಯಿ? ನಿಮ್ಮ ದೊಡ್ಡಪ್ಪ ಪಕ್ಕದ ಮನೆಯೋರಿಗಾದ್ರೂ ಒಂದು ಕೊಟ್ಟಿದ್ರೆ!" ಎಂದ ಅಣ್ಣ. ಆಮೇಲೆ ಅವನೇ, "ಕಂಡಕ್ಟರುಗಳಿಗೆ ಕೊಟ್ಟಿರಬೋದು ನೋಡು," ಎಂದ.

ಹೌದಲ್ಲ! ಕುರುಡುಮಲೆಯ ದಾರಿಯಲ್ಲಿ ಬಹಳ ವರ್ಷ ಕಂಡಕ್ಟರಾಗಿದ್ದವರೊಬ್ಬರು ನಮ್ಮ ಮನೆಗೂ ಬಂದುಹೋಗುತ್ತಿದ್ದರು. ನಾವು ಮಾಮ ಎನ್ನುತ್ತಿದ್ದೆವು. ನಿವೃತ್ತರಾಗಿ ಶ್ರೀನಿವಾಸಪುರದಲ್ಲಿದ್ದರು. ಶನಿವಾರ ಬೆಳಗ್ಗೆ ಆ ಬಸ್ಸು ಹತ್ತಿದೆ. ಮಾವಿನ ಸುಗ್ಗಿ, ಊರು ತುಂಬ ಲಾರಿ, ಹುಲ್ಲು, ಹಣ್ಣಿನ ವಾಸನೆ. ಮಾಮ ಹಣ್ಣಿನ ಮಂಡಿಯೊಂದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹೋಗುವ ಬರುವ ಲಾರಿಗಳಿಗೆ ಯಾರೂ ಕೇಳದಿದ್ದರೂ ರೈಟ್ ರೈಟ್ ಎನ್ನುತ್ತಿದ್ದರು.

"ರಾಮ್ಮಾ ರಾ, ಕೂಚೋ," ಎಂದು ಕೂರಿಸಿದರು. ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವುದು ಅವರ ಅಭ್ಯಾಸ. "ಮೀ ಪೆದ್ದನಾನ್ನ ಬಾಗುನ್ನಾರಾ? ನಿಮ್ಮ ದೊಡ್ಡಪ್ಪ ಮೈಕಿಲ್ಲದೆ ಹೆಂಗಿದಾರೆ ಮನೇಲಿ?"

ವಿಷಯ ಹೇಳಿದೆ. ಅರ್ಧ ಕೇಳುವಷ್ಟರಲ್ಲೇ ಮಾಮ ಎದ್ದು ಮನೆಯ ಕಡೆ ಹೊರಟರು. ಅಟ್ಟದಿಂದ ಟಿಕೆಟ್ಟಿನ ಹಳೆಯ ತಗಡಿನ ಪೆಟ್ಟಿಗೆ ಇಳಿಸಿದರು. ತಳದಲ್ಲಿ ಪುಸ್ತಕವಿತ್ತು. ಮುಖಪುಟದಲ್ಲಿ ಗಣಪತಿಯ ಚಿತ್ರ, ದೊಡ್ಡಪ್ಪನ ಹೆಸರು, ಅಚ್ಚಾದ ವರ್ಷ. ಕೊನೆಯ ಪುಟದ ತುಂಬ ಕೆಂಪು ಶಾಯಿ, ಹೊಡೆದದ್ದರ ಮೇಲೆ ಹೊಡೆದು, ಬರೆದದ್ದರ ಪಕ್ಕ ಬರೆದು. ಮಾಮ ನಗುತ್ತ ಹೇಳಿದರು: "ಟೈಮು ಬದಲಾದಾಗಲೆಲ್ಲ ಬಸ್ಸು ನಿಲ್ಲಿಸಿ, ಪೆಟ್ಟಿಗೆ ತೆಗೆಸಿ, ಇದರಲ್ಲಿ ತಿದ್ದಿ ಕಳಿಸೋರಮ್ಮ. ಡ್ರೈವರು ಹಾರನ್ ಹೊಡೀತಾ ಇರೋನು, ಇವರು ಬರೀತಾ ಇರೋರು."

ನಾನು ಅಳುತ್ತಿದ್ದೆ. ಸಿಕ್ಕಿತಲ್ಲ ಎನ್ನುವ ಸಂತೋಷಕ್ಕೆ ಎಂದುಕೊಂಡು ಮಾಮನ ಹೆಂಡತಿ ಒಂದು ಬುಟ್ಟಿ ಮಾವಿನಹಣ್ಣು ಕೊಟ್ಟು ಕಳಿಸಿದರು.

ಭಾನುವಾರ ಸಮಿತಿಯಲ್ಲಿ ಮೇಷ್ಟ್ರು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ, ವರ್ಷ ನೋಡಿ, ಎದ್ದು ಬಂದು ನಿಜವಾಗಿಯೂ ದೊಡ್ಡಪ್ಪನ ಕಾಲು ಮುಟ್ಟಿದರು. ದೊಡ್ಡಪ್ಪ ಗಾಬರಿಯಾಗಿ, "ಅಯ್ಯೋ, ಬಿಡಿ ಬಿಡಿ, ಪರೀಕ್ಷೆ ಮಾಡಿದ್ದು ಒಳ್ಳೇದೇ ಆಯ್ತು," ಎಂದು ಅವರನ್ನು ಎಬ್ಬಿಸಿದರು. ಆಮೇಲೆ ಕಾಫಿ ಬಂತು. ಕಾಫಿಯ ಜೊತೆಗೆ ಎಲ್ಲರೂ ಸೇರಿ ಕಳ್ಳನನ್ನು ಬೈಯತೊಡಗಿದರು. ಎಂಥ ನೀಚ ಇರಬೇಕು, ಹೆಸರು ಕಿತ್ತು ಹಾಕಿದ್ದಾನೆ, ನಾಚಿಕೆ ಬೇಡವಾ, ದೂರು ಕೊಡೋಣ. ದೊಡ್ಡಪ್ಪ ಮಾತ್ರ, "ಯಾರೋ ಪಾಪ, ಏನು ಕಷ್ಟವೋ," ಎಂದರು. ನಾನು ಕಾಫಿ ಕುಡಿಯದೆ ಲೋಟವನ್ನು ಕೆಳಗಿಟ್ಟೆ.

ಮನೆಗೆ ನಡೆದು ಬರುವಾಗ ಹೇಳಿಬಿಟ್ಟೆ. ತಲೆ ತಗ್ಗಿಸಿಕೊಂಡು, ಒಂದೇ ಉಸಿರಿನಲ್ಲಿ, ಬೆಂಗಳೂರಿನವರು ಬಂದದ್ದು, ಫ್ಲಾಪಿ ಕೊಟ್ಟದ್ದು, ಕವರು ಕೊಡದೆ ಇದ್ದದ್ದು, ಮೇಷ್ಟ್ರ ಮನೆಯಲ್ಲೇ ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡದ್ದು. "ಆ ಕಳ್ಳಿ ನಾನೇ ದೊಡ್ಡಪ್ಪ. ನಾಲ್ಕು ದಿನದಿಂದ ನಿಮ್ಮ ಮುಖ ನೋಡೋಕೆ ಆಗ್ತಿಲ್ಲ ನಂಗೆ."

ದೊಡ್ಡಪ್ಪ ರಸ್ತೆಯ ಪಕ್ಕ ನಿಂತರು. ಬಯ್ಯುತ್ತಾರೆ ಎಂದುಕೊಂಡೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾರೆ. ಎರಡೂ ಅನ್ನಲಿಲ್ಲ.

"ಆರು ವರ್ಷದಿಂದ ಅದು ಅಲ್ಲಿದೆಯಾ?"

"ಹೂಂ."

"ಜನ ಓದ್ತಾರಾ?"

"ಓದ್ತಾರೆ."

"ಬಸ್ಸಿನ ಟೈಮು?"

"ಪುಸ್ತಕದಲ್ಲಿ ಅಚ್ಚಾಗಿತ್ತಲ್ಲ, ಅದೇ."

"ಹಳೇದಾ?" ದೊಡ್ಡಪ್ಪನ ಧ್ವನಿ ಏರಿತು. ಅವರು ನನ್ನ ಮೇಲೆ ನಿಜವಾಗಿ ಸಿಟ್ಟಾದದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೊಂದೇ ಸಲ. "ತಿದ್ದದೇ ಇರೋದನ್ನ ಕೊಟ್ಯೇನೇ? ಒಂದು ಮಾತು ನನಗೆ ಹೇಳಿದ್ರೆ ಆಗ್ತಿರಲಿಲ್ವಾ? ಹೆಸರು ಹಾಳಾಗಿ ಹೋಗ್ಲಿ, ಟೈಮು ತಿದ್ದಿ ಕೊಡ್ತಿದ್ದೆನಲ್ಲೇ!"

ಮಾರನೆಯ ದಿನ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಈಗಿನ ಬಸ್ಸುಗಳ ಪಟ್ಟಿ ಜೇಬಿನಲ್ಲಿಟ್ಟುಕೊಂಡು ಬಂದು ನಿಂತರು. "ನಡಿ, ತೋರಿಸು."

ಮುಳಬಾಗಿಲಿನಲ್ಲಿ ಆಗ ತಾನೇ ಸೈಬರ್ ಸೆಂಟರು ಬಂದಿತ್ತು. ಪುಟ ತೆರೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ತಮ್ಮ ಬರಹವನ್ನು ನೋಡಿದರು. ನಾನು ಪುಟವನ್ನು ಕೆಳಗೆ ಎಳೆಯುತ್ತ ಹೋದೆ, ಕೊನೆಗೆ ಬಸ್ಸಿನ ವೇಳೆ ಬಂತು, ಅದರ ಕೆಳಗೆ ಓದಿದವರು ಬರೆಯುವ ಜಾಗ. ಮೇಷ್ಟ್ರು ತೆಗೆಸಿದ್ದ ಪ್ರಿಂಟಿನಲ್ಲಿ ಅದು ಬಂದಿರಲಿಲ್ಲ. ಹದಿನೇಳೋ ಹದಿನೆಂಟೋ ಜನ ಬರೆದಿದ್ದರು. ಎಲ್ಲವೂ ಪ್ರಶ್ನೆಗಳು. ಭಾನುವಾರವೂ ಬಸ್ಸಿದೆಯಾ? ಗುಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ? ಮುಳಬಾಗಿಲಿನಲ್ಲಿ ಯಾರನ್ನು ಕೇಳಬೇಕು? ಒಂದಕ್ಕೂ ಯಾರೂ ಉತ್ತರ ಕೊಟ್ಟಿರಲಿಲ್ಲ.

ದೊಡ್ಡಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಬರೀತೀಯಾ?"

ಆ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ. ಅವರು ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ. ಭಾನುವಾರವೂ ಇದೆ. ಮಧ್ಯಾಹ್ನ ಒಂದು ಹೊತ್ತು ಬಾಗಿಲು ಹಾಕುತ್ತಾರೆ, ಸಂಜೆ ತೆಗೆಯುತ್ತಾರೆ. ಪ್ರತಿಯೊಂದರ ಕೆಳಗೂ ಅವರ ಹೆಸರು ಹಾಕಿದೆ. ಈ ಸಲ ಬೇಡವೆನ್ನಲಿಲ್ಲ. "ಮನೆ ಫೋನ್ ನಂಬರೂ ಹಾಕು. ಇನ್ನೂ ಏನಾದ್ರೂ ಕೇಳ್ಬೇಕಾದ್ರೆ?" ಎಂದರು.

ಎಲ್ಲಕ್ಕಿಂತ ಹಳೆಯದು ತುದಿಯಲ್ಲಿತ್ತು. ಯಾರೋ ಒಬ್ಬ ಹೆಂಗಸು ಬರೆದದ್ದು, ಐದು ವರ್ಷದ ಹಿಂದೆ, ಬೇಸಿಗೆಯಲ್ಲಿ. ನನ್ನ ತಾಯಿಗೆ ಎಂಬತ್ತು ವರ್ಷ, ನಡೆಯಲಾರರು, ಕುರುಡುಮಲೆ ನೋಡಬೇಕೆಂದು ಬಹಳ ದಿನದ ಆಸೆ. ಹನ್ನೆರಡೂ ಕಾಲಿಗೆ ಮುಳಬಾಗಿಲಿನಿಂದ ಬಸ್ಸಿದೆ ಎಂದು ಬರೆದಿದ್ದೀರಿ. ಅದನ್ನೇ ನಂಬಿ ಮುಂದಿನ ವಾರ ಕರೆದುಕೊಂಡು ಬರುತ್ತಿದ್ದೇವೆ, ಸರಿಯಾಗಿದೆಯಾ ದಯವಿಟ್ಟು ತಿಳಿಸಿ.

"ಹನ್ನೆರಡೂ ಕಾಲಿಂದು," ಎಂದರು ದೊಡ್ಡಪ್ಪ. "ಆ ಬಸ್ಸು ಅದಕ್ಕೂ ಎರಡು ವರ್ಷ ಮುಂಚೆನೇ ನಿಂತುಹೋಯ್ತು ಕಣೇ. ಅದು ಬಿಟ್ರೆ ಮೂರು ಗಂಟೆಗೇ." ಕನ್ನಡಕ ತೆಗೆದರು. "ನಾನು ಆಗ ಕಿಟಕೀಲೇ ಇದ್ದೆ. ಕೇಳಿದ್ರೆ ಹೇಳ್ತಿದ್ದೆ. ಬರೆದಿದೆಯಲ್ಲ, ಯಾಕೆ ಕೇಳ್ಬೇಕು ಅಂತ ಹಂಗೇ ಕಾಯ್ತಾ ನಿಂತ್ರೋ ಏನೋ. ಎಂಬತ್ತು ವರ್ಷದ ಮುದುಕಿ. ಆ ಬಿಸಿಲಲ್ಲಿ."

ಇದಕ್ಕೇನು ಉತ್ತರ ಬರೆಯುವುದು? "ಬಿಡಿ ದೊಡ್ಡಪ್ಪ, ಐದು ವರ್ಷ ಆಯ್ತು. ಅವರು ಇನ್ನು ನೋಡಲ್ಲ," ಎಂದೆ.

"ನೋಡದೇ ಇದ್ರೆ ಇರ್ಲಿ. ಕೇಳಿದಾರೆ, ಹೇಳ್ಬೇಕು. ಬರಿ. ಕ್ಷಮಿಸಿ, ಇಲ್ಲಿ ಬರೆದಿರೋ ವೇಳೆ ತಪ್ಪು. ಆ ಬಸ್ಸು ಇಲ್ಲ. ನಿಮಗೂ ನಿಮ್ಮ ತಾಯಿಗೂ ತೊಂದರೆ ಆಗಿದ್ರೆ ಅದು ನಮ್ಮಿಂದ ಆದದ್ದು."

ಬರೆದೆ. ಕೆಳಗೆ ಅವರ ಹೆಸರು ಹಾಕಲು ಶುರು ಮಾಡಿದೆ. ದೊಡ್ಡಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು.

"ಇದಕ್ಕೆ ನನ್ನ ಹೆಸರು ಬೇಡ ಕಣಮ್ಮ," ಎಂದರು, ಸಿಟ್ಟಿಲ್ಲದೆ, ಕಿಟಕಿಯಲ್ಲಿ ದಾರಿ ಹೇಳುತ್ತಿದ್ದಷ್ಟೇ ಸಹಜವಾಗಿ. "ಇದಕ್ಕೆ ನಿನ್ನ ಹೆಸರು ಹಾಕು."

ಹಾಕಿದೆ. ಅಪ್ಪನ ಹೆಸರಿನ ಮೊದಲಕ್ಷರ ಸೇರಿಸಿ ಪೂರ್ತಿ ಹಾಕಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿ, ನನ್ನ ಬೆನ್ನ ಮೇಲೆ ಕೈಯಿಟ್ಟು, "ಸರಿಯಾಗಿದೆ, ಕಳಿಸು," ಎಂದರು.